ಹಗ್ಗದ ಹನ್ನೆರಡು ಗಂಟು

ಮೆದೆಯೀನ್ ಊರಿನ ಗುಡ್ಡದ ಮೇಲೆ ಎಡಿಲ್ಮಾ ಹತ್ತೊಂಬತ್ತು ವರ್ಷದಿಂದ ತನ್ನ ಮನೆಯಲ್ಲೇ ಹನ್ನೆರಡು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಸರ್ಕಾರ ಹಾಲಿನ ಪುಡಿ, ಕಾಳು, ಒಂದಿಷ್ಟು ಗೌರವಧನ ಕೊಡುತ್ತಿತ್ತು. ತಾಯಂದಿರು ಕೆಳಗಿನ ದೊಡ್ಡಮನೆಗಳಲ್ಲಿ ಆರಕ್ಕೆಲ್ಲ ಕೆಲಸಕ್ಕೆ ನಿಲ್ಲಬೇಕಾದ್ದರಿಂದ ಐದಕ್ಕೇ ಬಾಗಿಲು ತೆಗೆಯುತ್ತಿದ್ದಳು. ಮಕ್ಕಳನ್ನು ಹೊರಗೆ ಕರೆದೊಯ್ಯಲು ಅವಳದೊಂದು ಹಗ್ಗವಿತ್ತು. ಅದಕ್ಕೆ ಹನ್ನೆರಡು ಗಂಟು, ಮಗುವಿಗೊಂದು.

ಹನ್ನೆರಡಕ್ಕೆ ಒಂದು ಕಡಿಮೆಯಾದರೂ ಹಣ ನಿಲ್ಲುತ್ತದೆ. ಜ್ವರ ಬಂದ ಮಗುವನ್ನು ಇಟ್ಟುಕೊಳ್ಳಬಾರದು. ಎರಡೂ ಒಂದೇ ಕಚೇರಿಯ ನಿಯಮ, ಬರೆದವರ ಬುದ್ಧಿಗಿಷ್ಟು! ಆ ತಾಯಂದಿರಲ್ಲೊಬ್ಬಳಾದ ಲುಸ್‌ದಾರಿಯ ಮಗಳು ಜ್ವರದಿಂದ ಬಾರದಿದ್ದ ದಿನವೇ ಹಿಮೇನಾ ಎಂಬ ಅಧಿಕಾರಿ ಬಂದು ತಲೆ ಎಣಿಸಿದಳು.

"ಹನ್ನೊಂದೇ ಇದೆ."

"ಜ್ವರ ಬಂದ್ರೆ ಮನೆಗೆ ಕಳಿಸು ಅಂದೋರು ನೀವೇ ಅಲ್ವಾ ಮೇಡಂ?"

"ಕಣ್ಣಿಗೆ ಕಂಡಿದ್ದನ್ನ ಬರೀತೀನಿ ಅಷ್ಟೇ."

ವಾರದೊಳಗೆ ಕಾಗದ ಬಂತು: ಈ ಮನೆಗೆ ಇನ್ನು ಹಣವಿಲ್ಲ, ಮಕ್ಕಳನ್ನು ಕೆಳಗಿನ ಹೊಸ ಕೇಂದ್ರಕ್ಕೆ ಸೇರಿಸಿ. ಚೆಂದದ ಕಟ್ಟಡವೇ. ಆದರೆ ತೆರೆಯುವುದು ಎಂಟಕ್ಕೆ!

"ನನ್ ಕೆಲಸ ಹೋಗ್ತದೆ ಅಕ್ಕಾ," ಲುಸ್‌ದಾರಿ ಅತ್ತಳು. "ಮಗೂನ ಖಾಸಗೀಲಿ ಬಿಟ್ರೆ ಅರ್ಧ ಸಂಬಳ ಅಲ್ಲೇ ಮುಗೀತದೆ."

ಎಡಿಲ್ಮಾ ಗದರಿದಳು. "ಮೂಗು ಒರೆಸ್ಕೊಳೇ. ನಾಳೆ ಈ ಗುಡ್ಡದೋರು ಯಾರೂ ಕೆಲಸಕ್ಕೆ ಹೋಗ್ಬೇಡಿ."

"ಕೆಲಸದಿಂದ ತೆಗೆದ್ರೆ?"

"ಎಲ್ಲರನ್ನೂ ಒಂದೇ ದಿನ ತೆಗೀತಾರಾ? ಆಮೇಲೆ ಅವರ ಮಕ್ಕಳ ಕುಂಡಿ ತೊಳೆಯೋರು ಯಾರು?"

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಕಚೇರಿಯ ಮುಂದೆ ಕಲ್ಲು ಹೂಡಿ, ಬೀದಿಗೆಲ್ಲ ಸಾಲುವಷ್ಟು ದೊಡ್ಡ ಹಂಡೆಯಲ್ಲಿ ಹುರುಳಿಕಾಯಿ ಕಾಳು ಬೇಯಿಸತೊಡಗಿದರು. ಆ ಊರಲ್ಲಿ ಜಗಳಕ್ಕೆ ನಿಲ್ಲುವುದೇ ಹೀಗೆ, ಒಲೆ ಹೂಡಿ. ಹನ್ನೆರಡು ಮಕ್ಕಳು ಗಂಟು ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತವು.

"ಇಲ್ಲಿ ಒಲೆ ಹಚ್ಚೋ ಹಾಗಿಲ್ಲಮ್ಮಾ," ಅಂದ ಕಾವಲುಗಾರ.

"ಹಾಗಾದ್ರೆ ಬಾಗಿಲು ತೆಗಿಯಪ್ಪಾ, ಒಳಗೇ ಹಚ್ತೀವಿ."

ಒಂಬತ್ತೂವರೆಗೆ ಹಿಮೇನಾ ಏದುಸಿರು ಬಿಡುತ್ತ ಬಂದಳು. ತಲೆ ಬಾಚಿರಲಿಲ್ಲ. ಕಂಕುಳಲ್ಲಿ ಎರಡು ವರ್ಷದ ಕೂಸು ಕಿರುಚುತ್ತಿತ್ತು. ಅದನ್ನು ನೋಡಿಕೊಳ್ಳುವ ಆಯಾ ಆ ದಿನ ಬಂದಿರಲಿಲ್ಲ.

ಲುಸ್‌ದಾರಿ ಸೌಟು ಹಿಡಿದೇ ದಂಗಾದಳು. "ಅಯ್ಯೋ, ನಾನು ಕೆಲಸ ಮಾಡೋ ಮನೆ ಮೇಡಂ!" "ಆವತ್ತು ತಲೆ ಎಣಿಸಿದ್ದು ಇವರೇ ಕಣೇ," ಅಂದಳು ಎಡಿಲ್ಮಾ.

"ಲುಸ್‌ದಾರಿ? ನೀನಿಲ್ಲಿ ಏನ್ ಮಾಡ್ತಿದೀಯಾ?"

ಕೂಸು ಆಯಾಳನ್ನು ಕಂಡು ಕೈಚಾಚಿತು. ಲುಸ್‌ದಾರಿ ಎತ್ತಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ತನ್ನ ಮಗಳ ತಲೆ ಮೇಲೆ ಕೈಯಿಟ್ಟಳು.

"ಮಗಳಿಗೆ ಜ್ವರ, ಒಂದಿನ ರಜ ಕೊಡಿ ಅಂತ ಕೇಳಿದ್ದೆ. ಕೊಡಲಿಲ್ಲ ನೀವು. ಪಕ್ಕದ ಮನೆ ಅಜ್ಜಿ ಹತ್ರ ಮಲಗಿಸಿ ಬಂದು ನಿಮ್ಮ ಕೂಸಿಗೆ ಗಂಜಿ ತಿನ್ನಿಸ್ತಾ ಇದ್ದೆ. ಆವತ್ತು ನಿಮ್ಮ ಲೆಕ್ಕಕ್ಕೆ ಸಿಗದ ಮಗು ಇದೇ ಮೇಡಂ. ನೋಡ್ಕೊಳಿ."

ಹಿಮೇನಾ ಕಿರುಚುವ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

ಎಡಿಲ್ಮಾ ಹಗ್ಗದ ತುದಿಗೆ ಇನ್ನೊಂದು ಗಂಟು ಹಾಕಿದಳು. ಕೂಸನ್ನು ಇಳಿಸಿಕೊಂಡು ಆ ಗಂಟನ್ನು ಅದರ ಪುಟ್ಟ ಮುಷ್ಟಿಗೆ ಕೊಟ್ಟಳು. ಅಳು ನಿಂತಿತು.

"ಈಗ ಎಣಿಸಿ ಮೇಡಂ. ಕಣ್ಣಿಗೆ ಕಂಡಿದ್ದನ್ನ ಬರೀರಿ."