ಒಂದು ಗೇಣು ಜಾಗ

ಹೊರಗಿನಿಂದ ನೋಡಿದವರು ಮನೆ ಮುಗಿದೇ ಹೋಗಿದೆ ಅಂದುಕೊಳ್ಳಬೇಕು, ಹಾಗಿತ್ತು. ಕಾರ್ಖಾನೆಯವರು ತಾವು ಕಟ್ಟಿದ ಪುಟ್ಟ ಮನೆಯನ್ನು ಇಡಿಯಾಗಿ ಲಾರಿಯ ಮೇಲೆ ಹೊತ್ತು ತಂದು, ಕ್ರೇನಿನಲ್ಲಿ ಇಳಿಸಿ, ಮಟ್ಟ ನೋಡಿ ಕೂರಿಸಿ ಹೋಗಿದ್ದರು. ತಗಡಿನ ಮಾಡು, ಬಣ್ಣ ಬಳಿದ ಹೊರಗೋಡೆ, ಗಟ್ಟಿ ಬಾಗಿಲು, ಹಿಂದಿನ ತುದಿಗೆ ಒಂದು ದೊಡ್ಡ ಕಿಟಕಿ. ಬಾಗಿಲು ತೆಗೆದರೆ ಮಾತ್ರ ಒಳಗೆ ಮರದ ಪಕ್ಕೆಲುಬು ಬಿಟ್ಟು ಇನ್ನೇನೂ ಇಲ್ಲ. ಒಳಗಿನ ಕೆಲಸವನ್ನೆಲ್ಲ ಮನೆಯವರೇ ಮಾಡಿಕೊಳ್ಳಬೇಕು. ಎದುರುಮನೆಯವನು ಬಂದು ಇಣುಕಿ, ಕೊನೆಗೂ ನಿಮ್ಮ ಕೈಗೆ ಚಿಪ್ಪು ಕೊಟ್ಟು ಹೋದರಲ್ಲಪ್ಪಾ ಎಂದು ನಗೆಯಾಡಿದ. ನಕ್ಕರೆ ನಗಲಿ, ಅವನ ಬಾಯಿಗೇನು ಬೀಗವೇ?

ಮನೆ ಕೊಂಡವನು ಶಾಲೆಯ ಬಸ್ಸಿನ ಡ್ರೈವರ್. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರು ಹೆಣ್ಣುಮಕ್ಕಳು. ಇವರ ಜೊತೆಗೆ ಡ್ರೈವರನ ಅಕ್ಕ. ಬೀದಿಗೆ ಬೀದಿಯೇ ಅವಳನ್ನು ಟೈಲರಕ್ಕ ಎನ್ನುತ್ತಿತ್ತು. ಅವಳದ್ದು ಬಾಡಿಗೆಯ ಹೊಲಿಗೆ ಅಂಗಡಿ, ಅದರ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಕೋಣೆಯಲ್ಲೊಂದು ಕಬ್ಬಿಣದ ಮಂಚ. ತಮ್ಮನ ಓದು, ತಮ್ಮನ ಮದುವೆ, ತಮ್ಮನ ಹೆಂಡತಿಯ ಎರಡು ಬಾಣಂತನ ಎಂದು ಓಡಾಡಿದವಳ ಆಯುಷ್ಯವೆಲ್ಲ ಹಗಲೂ ದೀಪ ಹಾಕಬೇಕಾದ ಆ ಕೋಣೆಯಲ್ಲೇ ಸವೆದಿತ್ತು. ಈಗ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಬಾಗಿಲಿಗೆ ಬಂದು ನಿಲ್ಲಬೇಕಾಗಿತ್ತು.

ಮನೆ ಬಂದಿಳಿದ ದಿನವೇ ತಮ್ಮ ಅವಳನ್ನು ಒಳಗೆ ಕರೆದೊಯ್ದು ಹಿಂದಿನ ತುದಿಯಲ್ಲಿ ನಿಲ್ಲಿಸಿದ್ದ. "ಅಕ್ಕ, ಈ ಕಿಟಕಿ ಮೂಲೆ ನಿಂದು. ಮಷಿನ್ನೂ ಇಲ್ಲೇ, ಮಂಚಾನೂ ಇಲ್ಲೇ" ಎಂದಿದ್ದ.

ಆ ಒಂದು ಮಾತನ್ನು ನಂಬಿ ಟೈಲರಕ್ಕ ಮಾರನೆಯ ದಿನ ಅಂಗಡಿಯ ಮಾಲೀಕನಿಗೆ ಖಾಲಿ ಮಾಡುವುದಾಗಿ ಹೇಳಿಬಂದಳು. ಹಿಂದೆ ಮುಂದೆ ನೋಡಲಿಲ್ಲ. ತಮ್ಮನ ಮಾತಿಗೆ ಸಾಕ್ಷಿ ಬೇಕೇ?

ಅಳತೆ ತೆಗೆಯುವ ಕೆಲಸ ಅವಳ ಪಾಲಿಗೇ ಬಂತು. ಬರದೆ ಇನ್ನೇನು! ಟೇಪು ಕೊರಳಿಗೆ ಹಾಕಿಕೊಂಡೇ ಹುಟ್ಟಿದವಳ ಹಾಗಿದ್ದಳು. ಬಟ್ಟೆ ಕತ್ತರಿಸುವಂತೆಯೇ ಮನೆಯನ್ನೂ ಕತ್ತರಿಸಲು ಕೂತಳು. ಟೈಲರು ಮೊದಲು ದೊಡ್ಡ ತುಂಡು ತೆಗೆಯುತ್ತಾನೆ. ಬೆನ್ನು, ಎದೆ, ತೋಳು ಆದ ಮೇಲೆ ಉಳಿದದ್ದರಲ್ಲಿ ಜೇಬು, ಕಾಲರು. ಹಾಗೆ ಬಾಗಿಲ ಕಡೆಯಿಂದ ಶುರುಮಾಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದಳು. ಬಚ್ಚಲು, ಅಡುಗೆಯ ಕಟ್ಟೆ, ಅದರ ಮೇಲೆ ಗಂಡಹೆಂಡಿರಿಗೆ ಅಟ್ಟ, ಅಟ್ಟಕ್ಕೆ ಮೆಟ್ಟಿಲು, ಆಮೇಲೆ ಮಕ್ಕಳ ಎರಡು ಮಲಗುವ ಗೂಡು. ಕೊನೆಗೆ ಉಳಿದದ್ದು ಕಿಟಕಿ ಮೂಲೆ. ಉಳಿದದ್ದೇ ಅವಳದ್ದು. ಊಟಕ್ಕೂ ಕೊನೆಗೇ ಕೂರುವ ಹೆಂಗಸು ಅವಳು.

ಯಾವ ಟೈಲರೂ ಮೈಗೆ ಅಂಟಿದ ಅಳತೆಗೆ ಕತ್ತರಿ ಹಾಕುವುದಿಲ್ಲ. ಸಡಿಲ ಬಿಡಬೇಕು. ತಮ್ಮನ ಹೊಟ್ಟೆಯನ್ನು ಒಮ್ಮೆ ನೋಡಿ ಬಚ್ಚಲಿನ ಗೆರೆಯನ್ನು ಆಚೆಗೆ ಸರಿಸಿದಳು. ಹಿರಿಯ ಹುಡುಗಿಯನ್ನು ನೆಲದ ಮೇಲೆ ಮಲಗಿಸಿ, ತಲೆಯಿಂದ ಹಿಮ್ಮಡಿಗೆ ಅಳೆದು, ಅದರ ಮೇಲೆ ಒಂದು ಗೇಣು ಜಾಸ್ತಿ ಬಿಟ್ಟಳು. ಬೆಳೆಯುವ ಮೈ, ದೊಡ್ಡದೇ ಇರಲಿ ಎಂದಳು. ಆ ಹುಡುಗಿ ಕಾಲೇಜು ಮುಗಿಸುತ್ತಿದ್ದಳು, ಇನ್ನೆಲ್ಲಿ ಬೆಳೆಯುತ್ತಾಳೆ? ಆದರೆ ಮಕ್ಕಳ ಲಂಗಕ್ಕೆ ಮಡಿಕೆ ಬಿಟ್ಟು ಬಿಟ್ಟು ಅಭ್ಯಾಸವಾದ ಕೈ, ಕೇಳಬೇಕಲ್ಲ. ಇಷ್ಟೆಲ್ಲ ಆದರೂ ಸೀಮೆಸುಣ್ಣದ ಲೆಕ್ಕದಲ್ಲಿ ಅವಳ ಮಂಚಕ್ಕೆ ಜಾಗವಿತ್ತು. ಮಂಚವನ್ನೂ ಅಳೆದೇ ನೋಡಿದ್ದಳು.

ಆಮೇಲೆ ರಜೆ ಸಿಕ್ಕಾಗಲೆಲ್ಲ ಐದೂ ಜನ ದುಡಿದರು. ಸುಳ್ಳು ಹೇಳಬಾರದು, ಆ ದಿನಗಳು ಚೆನ್ನಾಗಿದ್ದವು. ಡ್ರೈವರ್ ವೈರು ಎಳೆದ. ಪಕ್ಕೆಲುಬಿನ ನಡುವೆ ಬಿಸಿಲಿನ ಝಳ ತಡೆಯುವ ಉಣ್ಣೆಯಂಥ ಹಾಸನ್ನು ತುರುಕಿದ್ದು ಟೈಲರಕ್ಕನೇ. ಇದೇನು ಮಹಾ, ಕೋಟಿಗೆ ಲೈನಿಂಗು ಕೊಟ್ಟ ಹಾಗೆ ಎನ್ನುತ್ತಿದ್ದಳು. ಹಾಸಿನ ಧೂಳಿಗೆ ಮೊಣಕೈವರೆಗೂ ಕಡಿತ ಎದ್ದು, ಕೆರೆದುಕೊಳ್ಳುತ್ತಲೇ ಕೆಲಸ ಮಾಡಿದಳು. ಹಲಗೆ ಹೊಡೆಯುವಾಗ ಇನ್ನೊಂದು ತುದಿ ಹಿಡಿದವಳೂ ಅವಳೇ. ಮಕ್ಕಳು ಬಣ್ಣ ಬಳಿದರು, ಒಬ್ಬರ ಮೂಗಿಗೊಬ್ಬರು ಬಳಿದುಕೊಂಡರು. ತಮ್ಮನ ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು, ಅಕ್ಕನಿಗೆ ಮೊದಲು.

ಮಂಚ ತಂದ ದಿನ ಎಲ್ಲರೂ ಒಳಗಿದ್ದರು. ಅಕ್ಕ ತಮ್ಮ ಇಬ್ಬರೂ ಎರಡು ಕಡೆ ಹಿಡಿದು ಕಿಟಕಿ ಮೂಲೆಗೆ ಒಯ್ದರು. ಒಂದು ತುದಿ ಗೋಡೆಗೆ ಮುಟ್ಟಿತು, ಇನ್ನೊಂದು ತುದಿ ಹಿರಿಯಳ ಗೂಡಿನ ಹಲಗೆಗೆ ಬಡಿಯಿತು. ಓರೆ ಮಾಡಿದರು. ಎತ್ತಿ ಇಳಿಸಿದರು. ಅಡ್ಡ ತಿರುಗಿಸಿದರೆ ಮಕ್ಕಳ ಗೂಡಿಗೆ ಹೋಗುವ ದಾರಿಯೇ ಮುಚ್ಚಿತು. ಟೈಲರಕ್ಕ ಕೊರಳಿನ ಟೇಪು ತೆಗೆದು ಅಳೆದಳು. ಒಂದು ಗೇಣು ಸಾಲದು.

ಆಗ ಅವಳಿಗೆ ಹೊಳೆಯಿತು. ಸೀಮೆಸುಣ್ಣದ ಗೆರೆಗೆ ದಪ್ಪವಿಲ್ಲ, ಬಟ್ಟೆಗೂ ಇಲ್ಲ. ಹಲಗೆಗೆ ಇದೆ. ಬಚ್ಚಲಿನ ಗೋಡೆ, ಮೆಟ್ಟಿಲಿನ ಪಕ್ಕ, ಎರಡು ಗೂಡಿನ ಚೌಕಟ್ಟು, ಹೊರಗೋಡೆಗೆ ಒಳಗಿನಿಂದ ಹೊಡೆದ ಹಲಗೆ, ಎಲ್ಲ ಸೇರಿ ಬೆರಳು ಬೆರಳಾಗಿ ಕೊನೆಯವಳ ಪಾಲನ್ನು ತಿಂದುಹಾಕಿದ್ದವು. ಮೊದಲಿನವರ ಪಾಲು ಮೊದಲಿನಷ್ಟೇ ಇತ್ತು.

ಅವಳು ಹಿರಿಯಳ ಗೂಡಿನೊಳಗೆ ಇಣುಕಿದಳು. ಬೆಳೆಯಲೆಂದು ಬಿಟ್ಟ ಜಾಗದಲ್ಲಿ ಚಪ್ಪಲಿ, ಬೂಟು ಸಾಲಾಗಿ ಕೂತಿದ್ದವು.

"ಈ ಹಲಗೆ ಒಂದು ಗೇಣು ಹಿಂದಕ್ಕೆ ಸರಿಸಿದ್ರೆ ಆಗತ್ತೆ ಕಣೋ" ಎಂದಳು ತಮ್ಮನಿಗೆ. ತನಗಾಗಿ ಏನನ್ನೂ ಕೇಳಿ ಅಭ್ಯಾಸವಿಲ್ಲದ ದನಿ, ಸಣ್ಣಗೆ ಬಂತು.

ಬಣ್ಣ ಈಗಷ್ಟೇ ಒಣಗಿದೆ ಅತ್ತೆ ಎಂದಳು ಹಿರಿಯಳು. ಹಲಗೆ ಬಿಚ್ಚಿದರೆ ವೈರನ್ನೂ ಬಿಚ್ಚಬೇಕು ಎಂದು ತಮ್ಮ ಗೋಡೆಯನ್ನು ನೋಡುತ್ತ ಗೊಣಗಿದ. ಅವನ ಹೆಂಡತಿ ಬಹಳ ಮೃದುವಾಗಿ, ಬೆಣ್ಣೆಯಿಂದ ಕೂದಲು ತೆಗೆದಂತೆ, ಹೇಗೂ ಅಂಗಡಿಯ ಕೋಣೆ ಇದೆಯಲ್ಲ, ಸದ್ಯಕ್ಕೆ ಅಲ್ಲೇ ಇದ್ದರೆ ಅಕ್ಕನಿಗೂ ಗಿರಾಕಿಗಳು ತಪ್ಪುವುದಿಲ್ಲ ಎಂದಳು. ಕೋಣೆ ಬಿಟ್ಟುಕೊಡುವುದಾಗಿ ಹೇಳಿಬಂದದ್ದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

"ನೀ ಹೇಳಿದ್ದಲ್ವೇನೋ, ಮೂಲೆ ನಂದು ಅಂತ?"

"ಹೇಳಿದ್ದೆ. ಇಲ್ಲ ಅಂತೀನಾ?" ತಮ್ಮ ಕೈ ಒರೆಸಿಕೊಂಡ. "ಆದ್ರೆ ಅಳತೆ ತೆಗ್ದಿದ್ದು ನೀನೇ ಅಲ್ವಾ ಅಕ್ಕ?"

ಇದಕ್ಕೆ ಏನು ಹೇಳುತ್ತೀರಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಎಲ್ಲರ ಕಾಲಿಗೂ ಹಾಸಿಗೆ ಉದ್ದ ಮಾಡಿಕೊಟ್ಟವಳಿಗೆ ಏನನ್ನಬೇಕು ಎಂದು ಗಾದೆ ಕಟ್ಟಿದವನಿಗೂ ತೋಚಿರಲಿಕ್ಕಿಲ್ಲ. ಅವಳ ಎದೆ ಉರಿಯಿತು. ಉರಿದದ್ದು ಹೆಚ್ಚು ಯಾರ ಮೇಲೆ, ತಮ್ಮನ ಮೇಲೋ ತನ್ನ ಕೈಯ ಮೇಲೋ, ಅವಳಿಗೇ ತಿಳಿಯಲಿಲ್ಲ.

ಮಂಚ ಬಂದ ದಾರಿಯಲ್ಲೇ ಹೋಯಿತು. ಮಾಲೀಕನ ಮುಂದೆ ಹಲ್ಲು ಗಿಂಜಿ, ಆಡಿದ ಮಾತನ್ನು ವಾಪಸು ತೆಗೆದುಕೊಂಡು, ಟೈಲರಕ್ಕ ಅದೇ ಕತ್ತಲೆ ಕೋಣೆಯಲ್ಲಿ ಉಳಿದಳು. ಕಿಟಕಿ ಮೂಲೆಗೆ ಫ್ರಿಜ್ ಬಂತು. ಹೇಳಿ ಮಾಡಿಸಿದ ಹಾಗೆ ಕೂತಿತು.

ವಾರ ಕಳೆಯುವುದರೊಳಗೆ ತಮ್ಮನ ಹೆಂಡತಿ ಹತ್ತಿ ಬಟ್ಟೆ ಹಿಡಿದು ಅಂಗಡಿಗೆ ಬಂದಳು. ಆ ದೊಡ್ಡ ಕಿಟಕಿಗೊಂದು ಪರದೆ ಬೇಕಿತ್ತು. ನಿಮ್ಮ ಕೈಯಲ್ಲೇ ಆಗಲಿ ಅಕ್ಕ, ನೀವು ಮಾಡದ ಕೆಲಸ ಆ ಮನೆಯಲ್ಲಿ ಯಾವುದಿದೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಅದೇ ಕಷ್ಟ.

ಹೊಸ ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಅಂಚಿನ ಒಳಗೆ ಬಟ್ಟೆ ಮಡಚಿ ಬಿಟ್ಟಿರಬೇಕು, ಕುಗ್ಗಿದರೆ ಬಿಚ್ಚಿಕೊಳ್ಳಲು. ಇದನ್ನು ಅವಳು ಎಷ್ಟೋ ಹುಡುಗಿಯರಿಗೆ ಗದರಿ ಕಲಿಸಿದ್ದಳು. ಈ ಸಲ ನೆನೆಸಲಿಲ್ಲ. ಮಡಿಕೆಯನ್ನೂ ಬಿಡಲಿಲ್ಲ. ಕಿಟಕಿ ಎಷ್ಟಿತ್ತೋ ಅಷ್ಟಕ್ಕೇ, ಒಂದು ನೂಲೂ ಹೆಚ್ಚಿಲ್ಲದಂತೆ ಕತ್ತರಿಸಿ, ಅಂಚಿಗೆ ಸಣ್ಣ ಪಟ್ಟಿ ಕೊಟ್ಟು ಹೊಲಿದಳು. ಮೊದಲ ಒಗೆತಕ್ಕೆ ನಾಲ್ಕು ಬೆರಳು ಮೇಲೇರುವುದು ಖಂಡಿತ.

ತಾನೇ ಹೋಗಿ ಕಿಟಕಿಯ ಮೇಲಿನ ತಂತಿಗೆ ಏರಿಸಿಕೊಟ್ಟಳು. ಫ್ರಿಜ್ಜಿನ ಮೇಲಿಂದ ಬಗ್ಗಿ ಏರಿಸಬೇಕಾಯಿತು. ಪರದೆ ಕಿಟಕಿಯ ಕೆಳಗಿನ ಅಂಚಿಗೆ ಕರಾರುವಾಕ್ಕಾಗಿ ಬಂದು ನಿಂತಿತು. ತಮ್ಮನ ಹೆಂಡತಿ ಹಿಂದೆ ಸರಿದು ನೋಡಿ ಕಣ್ಣರಳಿಸಿದಳು.

"ಅಳತೆ ಅಂದ್ರೆ ನಿಮ್ಮದೇ ಅಕ್ಕ" ಎಂದಳು. ಆಮೇಲೆ ಬಟ್ಟೆ ಮುಟ್ಟಿ, "ಇದನ್ನ ಮನೇಲೇ ಒಗೀಬಹುದಲ್ವಾ?" ಎಂದು ಕೇಳಿದಳು.

ಟೈಲರಕ್ಕ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಧಾರಾಳವಾಗಿ ಒಗಿ" ಎಂದಳು.