ಅಂಚಿನ ಗಾಜಿನ ಡಬ್ಬ

ಕಳ್ಳತನಕ್ಕೂ ಒಂದು ಅಂದಾಜು ಅಂತ ಇರಬೇಕು ನೋಡಿ. ದುಡ್ಡು ಕದ್ದರೆ ಅರ್ಥವಾಗುತ್ತೆ, ಒಡವೆ ಕದ್ದರೂ ಅರ್ಥವಾಗುತ್ತೆ. ಕಸದ ಗಾಜು ಕದಿಯೋರಿಗೆ ಏನನ್ನೋಣ? ಕಟ್ಟಿನಂಗಡಿ ಅಕ್ಕನ ತಲೆ ಕೆಟ್ಟಿದ್ದು ಅದಕ್ಕೇ.

ಫೋಟೋಗಳಿಗೆ ಕಟ್ಟು ಹಾಕಿಕೊಡುವುದು ಅವಳ ಕಸುಬು. ದ್ವೀಪಕ್ಕೆಲ್ಲ ಇದ್ದದ್ದು ಅದೊಂದೇ ಅಂಗಡಿ. ಮದುವೆ ಫೋಟೋ, ಸತ್ತ ತಾತನ ಫೋಟೋ, ಕಪ್ ಗೆದ್ದ ಹುಡುಗರ ಫೋಟೋ, ಎಲ್ಲಕ್ಕೂ ಅಳತೆಗೆ ಸರಿಯಾಗಿ ಗಾಜು ಕೊಯ್ದರೆ ಪಕ್ಕದಲ್ಲಿ ಬೆರಳಗಲದ ಪಟ್ಟಿ ಉಳಿಯುತ್ತಲ್ಲ, ಅದನ್ನು ಅವಳು ಎಸೆಯುತ್ತಿರಲಿಲ್ಲ. ಮೇಜಿನ ಕೆಳಗೆ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಇತ್ತು, ಅದಕ್ಕೆ ಹಾಕುತ್ತಿದ್ದಳು. ಯಾತಕ್ಕೆ ಅಂತ ಕೇಳಿದರೆ, "ಇರಲಿ ಬಿಡಿ, ಯಾವುದಕ್ಕಾದರೂ ಆಗುತ್ತೆ" ಅನ್ನೋಳು. ವರ್ಷಗಟ್ಟಲೆ ಯಾವುದಕ್ಕೂ ಆಗಿರಲಿಲ್ಲ. ಡಬ್ಬ ತುಂಬಿ ಮುಚ್ಚಳವೇ ಕೂರುತ್ತಿರಲಿಲ್ಲ.

ಈಗ ಮುಚ್ಚಳ ಸಲೀಸಾಗಿ ಕೂತುಬಿಟ್ಟಿತು. ತೆಗೆದು ನೋಡುತ್ತಾಳೆ, ಅರ್ಧ ಡಬ್ಬ ಖಾಲಿ. ಆಮೇಲೆ ಬೇಕಂತಲೇ ಗಮನಿಸತೊಡಗಿದಳು. ಡಬ್ಬ ಇಳಿಯುತ್ತಲೇ ಇತ್ತು. ಮೊದಮೊದಲು ನಿಧಾನಕ್ಕೆ, ಈಚೆಗಂತೂ ಸರಸರ.

ಅಂಗಡಿಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳ ಸೊಂಟದಲ್ಲಿ, ಇನ್ನೊಂದು ಗಂಡನ ಹತ್ತಿರ. ಗಂಡ ಸೇತುವೆ ಮೇಸ್ತ್ರಿ. ಸೇತುವೆಯ ಮೇಲೆ ಗುಂಡಿ ಬಿದ್ದರೆ ಮುಚ್ಚುವುದು, ಕಂಬಿಗೆ ಬಣ್ಣ ಬಳಿಯುವುದು, ಇಂಜಿನಿಯರ್ ಸಾಹೇಬರು ಬಂದರೆ ಕೆಳಗಿಳಿಸಿ ಕಂಬಗಳನ್ನು ತೋರಿಸುವುದು ಅವನ ಕೆಲಸ. ಸಂಜೆ ಮನೆಗೆ ಬಂದವನ ಬೆರಳ ತುದಿಗಳಲ್ಲಿ ಸಣ್ಣಸಣ್ಣ ಗೀರು. ಗಾಜಿನ ಗೀರು ಹೇಗಿರುತ್ತೆ ಅಂತ ಅವಳಿಗೆ ಹೇಳಿಕೊಡಬೇಕೇ?

"ಕೈಗೇನಾಯ್ತು?" ಅಂದಳು.

"ತಂತಿ ತಾಗಿತು" ಅಂದ, ಮುಖ ಆಚೆ ತಿರುಗಿಸಿಕೊಂಡು.

ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಹತ್ತಿರ ಕಾಗೆ ಹಾರಿಸೋಕೆ ಬರ್ತಾನೆ!

ಪಕ್ಕದಂಗಡಿ ಟೈಲರಮ್ಮನಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡಳು. "ಗಾಜಲ್ಲಿ ಮೀನಿನ ತೊಟ್ಟಿ ಮಾಡ್ತಾರೆ. ಗೊಂಬೆ ಮನೆ ಮಾಡ್ತಾರೆ. ಯಾರಿಗೆ ಮಾಡಿಕೊಡ್ತಿದಾನೋ ವಿಚಾರಿಸು ತಾಯಿ. ಈ ವಯಸ್ಸಲ್ಲಿ ಗಂಡಸು ಇದ್ದಕ್ಕಿದ್ದ ಹಾಗೆ ಕಲಾವಿದ ಆದ ಅಂದ್ರೆ ಸುಮ್ಮನೆ ಅಲ್ಲ."

"ಥೂ, ಹೋಗ್ರೀ. ಅವರಿಗೆ ನೆಟ್ಟಗೆ ಒಂದು ಮೊಳೆ ಹೊಡೆಯೋಕೆ ಬರಲ್ಲ."

"ಮನೇಲಿ ಬರಲ್ಲ" ಅಂದಳು ಟೈಲರಮ್ಮ.

ನಗೆಯೇನೋ ಬಂತು. ಆದರೆ ಆ ಮಾತು ಹುಳದ ಹಾಗೆ ಒಳಗೆ ಹೊಕ್ಕಿತು. ಯಾಕೆಂದರೆ ಇನ್ನೂ ಒಂದು ವಿಷಯವಿತ್ತು, ಅದನ್ನು ಅವಳು ಟೈಲರಮ್ಮನಿಗೆ ಹೇಳಿರಲಿಲ್ಲ. ಮಗಳ ವಿಷಯ.

ಮಗಳು ಆಚೆ ದಡದ ಕಾಲೇಜಿಗೆ ಬಸ್ಸಲ್ಲಿ ಹೋಗಿಬರುತ್ತಿದ್ದಳು. ಅಪ್ಪನಿಗೆ ಅವಳೆಂದರೆ ಪ್ರಾಣ. ಬಸ್ಸು ಸ್ವಲ್ಪ ತಡವಾದರೆ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುವವನು. ಅಂಥವನು ತಿಂಗಳ ಹಿಂದೆ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, "ಪುಟ್ಟಿ ಇನ್ನು ಅವಳ ಅತ್ತೆ ಮನೇಲೇ ಇರಲಿ. ದಿನಾ ಯಾಕೆ ಓಡಾಟ" ಅಂದುಬಿಟ್ಟ. ಅತ್ತೆ ಅಂದರೆ ಅವನ ತಂಗಿ, ಕಾಲೇಜಿನ ಪಕ್ಕದಲ್ಲೇ ಮನೆ. ಮಗಳು ಅತ್ತಳು, ಇವಳು ರೇಗಿದಳು. ಅವನು ಜಪ್ಪಯ್ಯ ಅನ್ನಲಿಲ್ಲ. ರಜೆಗೂ ಕರೆಸಲಿಲ್ಲ. ತಾನೇ ಭಾನುವಾರ ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬರೋನು.

ಮನೆಯಲ್ಲಿ ಬೆಳೆದ ಮಗಳಿರಬಾರದು, ಅಂಗಡಿಯಿಂದ ಗಾಜು ಹೋಗುತ್ತೆ, ಕೇಳಿದರೆ ಸುಳ್ಳು. ಮೂರನ್ನೂ ಕೂಡಿಸಿದರೆ ಯಾವ ಹೆಂಗಸಿಗೆ ತಾನೇ ನಿದ್ದೆ ಬರುತ್ತೆ ಹೇಳಿ? ಅವಳೂ ಹಟಕ್ಕೆ ಬಿದ್ದಳು. ಒಂದು ದಿನ ಬೆಳಗ್ಗೆ ಗಂಡ ಹೊರಗೆ ಹೋಗುತ್ತಲೇ ಮಗಳಿಗೆ ಫೋನ್ ಮಾಡಿ, "ಸಂಜೆ ಬಸ್ಸಿಗೆ ಮನೆಗೆ ಬಾ, ಅಪ್ಪನಿಗೆ ಹೇಳಬೇಡ" ಅಂದಳು. ಏನಿದ್ದರೂ ಮಗಳ ಎದುರಿಗೇ ಬಯಲಾಗಲಿ.

ಇಳಿಹೊತ್ತಿಗೆ ಡಬ್ಬ ತೆಗೆದಳು. ತಳ ಕಾಣುತ್ತಿತ್ತು. ಅಂಗಡಿ ಬಾಗಿಲು ಎಳೆದುಕೊಂಡು ಸೇತುವೆಯ ದಾರಿ ಹಿಡಿದಳು.

ಆ ಸೇತುವೆಯ ಕಥೆ ದ್ವೀಪದಲ್ಲಿ ಎಲ್ಲರಿಗೂ ಬಾಯಿಪಾಠ. ಮೊದಲು ಇದ್ದದ್ದು ಬರೀ ಕಲ್ಲಿನ ಒಡ್ಡು, ಸಮುದ್ರಕ್ಕೆ ಅಡ್ಡಲಾಗಿ ಸುರಿದ ಬಂಡೆಗಳ ಸಾಲು. ನೀರಿಳಿದಾಗ ದಾರಿ, ನೀರೇರಿದಾಗ ದಾರಿ ಮಾಯ. ಹೆರಿಗೆ ನೋವು ಬಂದವರು, ಜ್ವರ ಬಂದವರು ನೀರಿಳಿಯಲಿ ಅಂತ ದಡದಲ್ಲಿ ಕಾಯಬೇಕಿತ್ತು. ಒಂದು ಬಿರುಗಾಳಿಗೆ ಒಡ್ಡಿನ ನಡುಭಾಗ ಕೊಚ್ಚಿಹೋಯಿತು. ಆಮೇಲೆ ಎರಡೂ ಕಡೆ ಒಡ್ಡನ್ನು ಎತ್ತರಿಸಿ, ಮುರಿದ ಕಡೆ ನೀರು ಆಡಲಿ ಅಂತ ಕಾಂಕ್ರೀಟ್ ಕಂಬ ನಿಲ್ಲಿಸಿ ಸೇತುವೆ ಹಾಸಿದರು. ಮೇಸ್ತ್ರಿಯ ಅಪ್ಪ ಅಲ್ಲಿ ಎದೆಮಟ್ಟ ನೀರಲ್ಲಿ ನಿಂತು ಕೆಲಸ ಮಾಡಿದವರು. ಆ ಮುದುಕರು ಸಾಯುವತನಕ "ನನ್ನ ಸೇತುವೆ" ಅನ್ನುತ್ತಿದ್ದರು. ಊರವರು ತಮಾಷೆಗೆ, "ನಿಮ್ಮ ಸೇತುವೆ ಮೇಲೆ ಸ್ವಲ್ಪ ಹೋಗಿಬರ್ತೀವಿ ಯಜಮಾನ್ರೇ" ಅಂದರೆ, "ಹುಷಾರಾಗಿ ಹೋಗಿ" ಅಂತ ನಿಜವಾಗಿಯೇ ಅಪ್ಪಣೆ ಕೊಡೋರು.

ಸೇತುವೆಯ ನಡುವೆ ಗಂಡನ ಸೈಕಲ್ ನಿಂತಿತ್ತು. ಪಕ್ಕದ ಕಂಬಿಯಿಂದ ಕಬ್ಬಿಣದ ಏಣಿ ಕೆಳಗಿಳಿದಿತ್ತು. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದಳು. ನೀರು ತಗ್ಗಿದ್ದರಿಂದ ಕಂಬದ ಬುಡದ ಕಟ್ಟೆ ಹೊರಗಿತ್ತು. ಮೇಲಿಂದ ನೋಡಿದರೆ ಬಣ್ಣ ಬಳಿದ ಚೆಂದದ ಸೇತುವೆ, ಕೆಳಗೆ ಬಂದರೆ ಬೇರೆಯೇ ಅವತಾರ. ಕಂಬದ ಮೈ ಹಕ್ಕಳೆ ಎದ್ದಿತ್ತು. ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಊದಿಕೊಂಡು ಹೊರಗೆ ಇಣುಕುತ್ತಿದ್ದವು. ನೆತ್ತಿಯಿಂದ ಬುಡದವರೆಗೆ ಓರೆಯಾಗಿ ಒಂದು ಬಿರುಕು.

ಆ ಬಿರುಕಿನ ಎದುರಿಗೆ ಅವಳ ಗಂಡ ಕೂತಿದ್ದ. ಬೇರೆ ಹೆಂಗಸಿಲ್ಲ, ಮೀನಿನ ತೊಟ್ಟಿಯಿಲ್ಲ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಅವಳ ಡಬ್ಬದ ಗಾಜಿನ ಪಟ್ಟಿ. ಒಂದು ಕ್ಷಣ ಅವಳಿಗೆ ಎಷ್ಟು ಹಗುರವಾಯಿತೆಂದರೆ, ಬೈಯಬೇಕೆಂದು ಬಂದವಳು ನಕ್ಕೇಬಿಟ್ಟಳು.

"ಇದಕ್ಕೇನ್ರೀ ಕಳ್ಳತನ ಮಾಡಿದ್ದು? ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

ಅವನು ಬೆಚ್ಚಿ ಎದ್ದು ನಿಂತ. "ನೀನ್ಯಾಕೆ ಇಲ್ಲಿಗೆ ಬಂದೆ? ನಡಿ, ಮೇಲೆ ನಡಿ."

"ಏನಿದು ಮೊದಲು ಹೇಳಿ."

ಬಿರುಕಿಗೆ ಅಡ್ಡಲಾಗಿ ಅಲ್ಲಲ್ಲಿ ಗಾಜಿನ ಪಟ್ಟಿ ಅಂಟಿಸಿತ್ತು, ಗಾಯಕ್ಕೆ ಪಟ್ಟಿ ಹಾಕಿದ ಹಾಗೆ. ಎಲ್ಲವೂ ಹೊಸವು. ಉಪ್ಪುನೀರಿನ ಜಾಗದಲ್ಲಿ ಗಾಜು ನಾಲ್ಕು ದಿನಕ್ಕೇ ಮಂಕಾಗುತ್ತೆ, ಇವು ಫಳಫಳ ಹೊಳೆಯುತ್ತಿದ್ದವು.

"ಬಿರುಕು ಬೆಳೀತಿದೆಯಾ ಅಂತ ನೋಡೋಕೆ" ಅಂದ ಅವನು. ಕೆಲಸದ ಮಾತು ಬಂದರೆ ಅವನ ದನಿಗೆ ಒಂದು ಗತ್ತು ಬರುತ್ತಿತ್ತು, ಈಗಲೂ ಬಂತು. "ಗಾಜು ಬಗ್ಗೋದಿಲ್ಲ ನೋಡು. ಬಿರುಕು ಕೂದಲೆಳೆ ಅಗಲ ಆದ್ರೂ ಟಪ್ ಅಂತ ಒಡೆಯುತ್ತೆ. ಗಾಜು ನೆಟ್ಟಗಿದೆ ಅಂದ್ರೆ ಬಿರುಕು ಸುಮ್ಮನಿದೆ ಅಂತ. ಸಾಹೇಬರು ಬಂದು ನೋಡೋದು ಅದನ್ನೇ."

"ಮತ್ತೆ ಇವೆಲ್ಲ ನೆಟ್ಟಗಿವೆಯಲ್ಲ."

ಅವಳು ಅವನ ಕಾಲ ಬಳಿ ನೋಡಿದಳು. ಉಳಿಯಿಂದ ಕೆರೆದು ತೆಗೆದ ಗಾಜಿನ ಚೂರುಗಳು ಬಿದ್ದಿದ್ದವು. ಒಂದೊಂದೂ ನಡುವಿಗೆ ಸರಿಯಾಗಿ ಮುರಿದಿತ್ತು.

ಅವಳಿಗೆ ತನ್ನ ಡಬ್ಬ ಕಣ್ಣಮುಂದೆ ಬಂತು. ಮುಚ್ಚಳ ಕೂರದಷ್ಟು ತುಂಬಿದ್ದ ಡಬ್ಬ.

"ಅಷ್ಟೂ ಒಡೆದುವಾ?"

"ಮೊದಲನೇ ಸಲ ಸಾಹೇಬರೇ ಬೈದಿದ್ರು" ಅಂದ ಅವನು. ಈಗ ಗತ್ತು ಇಳಿದಿತ್ತು. "ಯಾರೋ ದೊಡ್ಡವರು ನೋಡೋಕೆ ಬರೋರಿದ್ರು. ಇದೇನಯ್ಯಾ ಒಡಕು ಗಾಜು, ಇದೇನಾ ನೀನು ಸೇತುವೆ ಇಟ್ಕೊಳ್ಳೋ ರೀತಿ, ಹೊಸದು ಹಾಕು ಅಂದ್ರು. ಹಾಕಿದೆ. ಎಲ್ಲ ಸರಿಯಿದೆ ಅಂತ ಬೆನ್ನು ತಟ್ಟಿ ಹೋದ್ರು. ಆಮೇಲೆ ಅದೇ ಅಭ್ಯಾಸ ಆಯ್ತು. ಒಡೆದ ಕೂಡಲೇ ಹೊಸದು. ಆ ಸಾಹೇಬರು ಹೋಗಿ ಬೇರೆಯವರು ಬಂದ್ರು. ಅವರಿಗೆ ಗೊತ್ತಾಗೋದಾದ್ರೂ ಹೇಗೆ? ಅವರು ಕಂಡಿದ್ದು ಬರೀ ಹೊಸ ಗಾಜು."

"ನೀವು ಹೇಳಬೇಕಿತ್ತಲ್ರೀ!"

"ಏನಂತ ಹೇಳಲಿ? ಇಷ್ಟು ದಿನ ನೀವು ನೋಡಿದ್ದೆಲ್ಲ ಸುಳ್ಳು ಅಂತಲೇ? ಅಪ್ಪನ ಸೇತುವೆ ಇದು. ನನ್ನ ಬಾಯಿಂದಲೇ ಮುಚ್ಚಿಸಲಾ? ಹೇಗೋ ನಿಂತಿದೆ. ನಿಲ್ಲುತ್ತೆ ಅಂದ್ಕೊಂಡೆ."

"ನಿಲ್ಲುತ್ತೆ ಅಂದ್ಕೊಂಡಿದ್ರೆ," ಅಂದಳು ಅವಳು, "ಪುಟ್ಟೀನ ಯಾಕೆ ಆಚೆ ದಡದಲ್ಲಿಟ್ರಿ?"

ಮೇಲೆ ಒಂದು ಲಾರಿ ಹೋಯಿತು. ಕಂಬದ ಮೈಯಿಂದ ಮರಳು ಉದುರಿತು. ಆಗಷ್ಟೇ ಅಂಟಿಸಿದ್ದ ಗಾಜಿನ ಪಟ್ಟಿಯ ಪಕ್ಕದ್ದು, ಅವಳು ನೋಡುನೋಡುತ್ತಿದ್ದಂತೆ, ಟಪ್ ಅಂತ ಒಡೆಯಿತು.

"ಅವಳು ಬರ್ತಿದಾಳೆ" ಅಂದಳು. "ನಾನೇ ಕರೆದೆ. ಸಂಜೆ ಬಸ್ಸಲ್ಲಿ. ಇಷ್ಟೊತ್ತಿಗೆ ಹತ್ತಿರ್ತಾಳೆ."

ಅವನು ಉಳಿ ಬಿಸಾಡಿದ. ಕೆಳಗಿದ್ದ ಚೂರುಗಳನ್ನು ಯಾಕೋ ಮುಷ್ಟಿಯಲ್ಲಿ ಬಾಚಿಕೊಂಡು ಏಣಿ ಹತ್ತಿದ. ಮಂಡಿನೋವು ಅಂತ ಮನೆಯ ಅಟ್ಟ ಹತ್ತಲಾಗದ ಮನುಷ್ಯ! ಅವಳು ಮೇಲೆ ಬರುವಷ್ಟರಲ್ಲಿ ಅವನು ಆಚೆ ದಡದ ಕಡೆಗೆ ಓಡುತ್ತಿದ್ದ, ಕಿತ್ತುಹೋದ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು. ಆ ತುದಿಯಿಂದ ಕೆಂಪು ಬಸ್ಸು ಒಡ್ಡಿನ ಮೇಲೆ ಬರುತ್ತಿತ್ತು. ಅವನು ಎರಡೂ ಕೈ ಚಾಚಿ ರಸ್ತೆಯ ನಡುವೆ ನಿಂತುಬಿಟ್ಟ. ಬಸ್ಸು ಕಿರ್ರೆಂದು ಅವನ ಎದೆಯ ಹತ್ತಿರ, ಸೇತುವೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಿಂತಿತು.

"ಏನ್ ಮೇಸ್ತ್ರೀ, ಸಾಯೋಕೆ ನನ್ನ ಬಸ್ಸೇ ಬೇಕಾಗಿತ್ತಾ?" ಡ್ರೈವರ್ ಕೂಗಿದ.

"ಹಿಂದಕ್ಕೆ ತಗೋ. ಸೇತುವೆ ಮೇಲೆ ಬರಬೇಡ. ಕಂಬ ಒಡೆದಿದೆ."

"ಮೊನ್ನೆ ತಾನೇ ಸಾಹೇಬರು ಭದ್ರವಾಗಿದೆ ಅಂದ್ರಂತೆ?"

ಮೇಸ್ತ್ರಿ ಮುಷ್ಟಿ ಬಿಚ್ಚಿ ತೋರಿಸಿದ. ಗಾಜಿನ ಚೂರು, ಅದರ ಜೊತೆ ರಕ್ತ. "ಅವರು ನೋಡಿದ್ದು ನಾನು ಅಂಟಿಸಿದ್ದನ್ನ. ಒಡೆದದ್ದು ಇದು" ಅಂದ.

ಡ್ರೈವರ್ ಚೂರುಗಳನ್ನು ನೋಡಿದ, ಅವನ ಮುಖ ನೋಡಿದ. ಎಂಜಿನ್ ಆರಿಸಿದ.

ಅವಳು ಏದುಸಿರು ಬಿಡುತ್ತ ಸೇತುವೆ ದಾಟಿ ಬರುವ ಹೊತ್ತಿಗೆ ಮಗಳು ಇಳಿದಿದ್ದಳು. ಅಪ್ಪ ಅವಳ ಭುಜ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದ. "ನನ್ನ ಪುಟ್ಟಿ, ನನ್ನ ಕಂದ" ಅನ್ನುತ್ತಿದ್ದ. ಮಗಳು ಏನೊಂದೂ ಅರ್ಥವಾಗದೆ ಅಮ್ಮನ ಕಡೆ ನೋಡಿದಳು. ಅಮ್ಮನಿಗೂ ಅಳು ಉಕ್ಕಿ ಬಂತು. ಓಡಿಹೋಗಿ ಇಬ್ಬರನ್ನೂ ತಬ್ಬಿಕೊಳ್ಳಬೇಕು ಅನ್ನಿಸಿತು.

ಅಷ್ಟರಲ್ಲಿ ಬಸ್ಸಿನ ಕಡೆ ಕಣ್ಣು ಹೋಯಿತು. ಕಿಟಕಿಯ ತುಂಬ ಮಕ್ಕಳು. ಸಮವಸ್ತ್ರ, ಕೊರಳಲ್ಲಿ ನೀರಿನ ಬಾಟಲಿ. ಮುಂದಿನ ಸೀಟಿನಲ್ಲಿ ಟೈಲರಮ್ಮನ ಮೊಮ್ಮಗಳು, ಮುಂದಿನ ಹಲ್ಲೆರಡು ಬಿದ್ದ ಪೋರಿ. ಇವಳನ್ನು ಕಂಡು ಕೈ ಬೀಸಿದಳು. "ಕಟ್ಟಿನಜ್ಜೀ, ಬಸ್ ಯಾಕೆ ಹೋಗಲ್ವಂತೆ?"

ಅವಳು ಅಲ್ಲೇ ನಿಂತಳು. ಕಣ್ಣೊರೆಸಿಕೊಂಡಳು. ಜಗಳವಾಡುವ ದನಿಯಲ್ಲಲ್ಲ, ಏನೋ ಮರೆತದ್ದನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು.

"ನಿನ್ನೆಯೂ ಇದೇ ಬಸ್ಸು ಬಂತಲ್ರೀ. ಈ ಮಕ್ಕಳೆಲ್ಲ ಇದ್ವು. ನಿನ್ನೆ ಯಾಕೆ ಓಡಿಬರಲಿಲ್ಲ?"

ಮೇಸ್ತ್ರಿ ಮಗಳ ಭುಜದ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದ.