ಕುರಿಯ ಗುರುತು

"ಕುರಿ ಕಾಲು ಹಿಡದದ್ದಕ್ಕ ಅನುಭವ ಅನ್ನಂಗಿಲ್ಲವ್ವಾ. ಅದಕ್ಕ ಸರ್ಟಿಫಿಕೇಟ್ ಯಾರ ಕೊಡ್ತಾರ?"

ದತ್ತಾತ್ರೇಯ ಸರ್ ಹಾಗೆಂದಾಗ ಸಂದರ್ಶನ ಮಾಡಲು ಕೂತಿದ್ದ ಉಳಿದ ಮೂವರೂ ನಕ್ಕರು. ವಿಶ್ವವಿದ್ಯಾಲಯ ವಿಜ್ಞಾನ, ಇಂಜಿನಿಯರಿಂಗ್ ಸೇರಿ ಹನ್ನೊಂದು ಸಂಶೋಧನಾ ಹುದ್ದೆ ಕರೆದಿತ್ತು. ಅದರಲ್ಲೊಂದು ಕುರಿ ತಳಿಯ ಸಂಶೋಧನೆಯದು. ನನಗೆ ಬೇಕಾಗಿದ್ದದ್ದು ಅದೊಂದೇ.

"ಸರ್, ಮೂರು ವರ್ಷ ಕುರಿ ರಕ್ತ ತಗದಾಕಿ ನಾನರಿ. ನೋಟಬುಕ್ ಬರದಾಕಿನೂ ನಾನ. ನಿಮಗ ಗೊತ್ತೈತೆಲ್ರಿ."

"ನಿಮ್ಮಪ್ಪನ ಕುರಿ, ನೀ ಹಿಡದಿ. ಮನಿ ಕೆಲಸ ಅದು. ರಿಸರ್ಚ್ ಅಂದ್ರ ಬ್ಯಾರೆ ಅದ."

ಮನೆಗೆಲಸವಂತೆ! ಬೀಳಗಿಯ ಹಿನ್ನೀರಿನ ದಂಡೆಯಲ್ಲಿ ಮೇಯುವ ನಮ್ಮ ಇನ್ನೂರು ಕುರಿಗಳಲ್ಲಿ ಮೂವತ್ತೆರಡಕ್ಕೆ ಎಂಥ ಮಳೆಗಾಲದಲ್ಲೂ ಹೊಟ್ಟೆಹುಳದ ಬೇನೆ ಬರುವುದಿಲ್ಲ. ಎಂ.ಎಸ್ಸಿ. ಓದುವಾಗ ಅದನ್ನು ಗುರುತಿಸಿದ್ದು ನಾನು. ಬಂದು ಹೇಳಿದ್ದು ಆಗ ನನಗೆ ಕಲಿಸುತ್ತಿದ್ದ ಇದೇ ಸರ್ ಮುಂದೆ. ಅವರು ಅದರ ಮೇಲೆ ದಿಲ್ಲಿಯಿಂದ ಸಂಶೋಧನಾ ಯೋಜನೆ ತಂದರು. "ನೌಕರಿ ಕರದಾಗ ಮೊದಲು ನಿನಗ" ಎಂದಿದ್ದರು. ಅಪ್ಪ ಕಾಮಣ್ಣ ಕಾಗದ ಕೇಳಲಿಲ್ಲ. ಮಾತು ಕೊಟ್ಟವರ ಹತ್ತಿರ ಕಾಗದ ಕೇಳಿದರೆ ಅವರಿಗೆ ಅವಮಾನ ಮಾಡಿದಂತೆ ಎನ್ನುತ್ತಿದ್ದ.

ನೌಕರಿ ಕೌಸ್ತುಭನಿಗೆ ಆಯಿತು. ಜಮಖಂಡಿಯ ವಕೀಲರ ಮಗ. ಸರ್ ಮನೆಗೆ ಹೋಗಿ ಬಂದು ಮಾಡುವವನು. ಒಂದು ದಿನವೂ ಕುರಿ ಮುಟ್ಟಿದವನಲ್ಲ.

ಅದಾದ ಹನ್ನೆರಡು ದಿನಕ್ಕೆ, ಮತ್ತೆ ರಕ್ತ ತೆಗೆಯಲೆಂದು, ಅವರ ಜೀಪು ನಮ್ಮ ಕುರಿದಡ್ಡಿಯ ಮುಂದೆ ನಿಂತಿತು. ಕೌಸ್ತುಭ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಇಳಿದ. ಕುರಿಗಳ ಕಿವಿಗೆ ಹಾಕಿದ್ದ ನಂಬರ್ ಬಿಲ್ಲೆಗಳು ಜಾಲಿಮುಳ್ಳಿಗೆ ಸಿಕ್ಕಿ ಎಂದೋ ಕಿತ್ತುಹೋಗಿದ್ದವು. ಯಾವುದು ಯಾವ ನಂಬರಿನದು ಎಂದು ಮುಖ ನೋಡಿ ಹೇಳಬಲ್ಲವರು ಅಪ್ಪ ಮತ್ತು ನಾನು, ಇಬ್ಬರೇ.

ಅಪ್ಪ ಕೈಮುಗಿದ. "ಸಾಹೇಬ್ರ, ಮಗಳದೊಂದ ಏನರ ದಾರಿ ಮಾಡ್ರಿ. ಮೂರ ವರ್ಷ ದುಡದೈತಿ ಕೂಸು."

"ಎಲ್ಲಾರೂ ವಿಜ್ಞಾನಿ ಆದ್ರ ಕುರಿ ಕಾಯವ್ರ ಯಾರೋ ಕಾಮಣ್ಣ?" ಸರ್ ಜೀಪಿನಿಂದ ಇಳಿಯಲೂ ಇಲ್ಲ. "ಏ ರೇಷ್ಮಾ, ಹದಿನೇಳನೇದು ಹಿಡ್ಕೊಂಡ ಬಾ. ಇಡೀ ವರದಿ ಅದರ ಮ್ಯಾಲೆ ನಿಂತದ."

ಹದಿನೇಳನೆಯದು, ಆ ಮೂವತ್ತೆರಡರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ನನ್ನ ಮಗ್ಗುಲಲ್ಲೇ ನಿಂತು ಓಢಣಿಯ ತುದಿ ಜಗಿಯುತ್ತಿತ್ತು. ನನ್ನ ಮೂರು ವರ್ಷವೂ ಅದರ ಮೇಲೇ ನಿಂತಿತ್ತು. ಓಢಣಿಯನ್ನು ಅದರ ಬಾಯಿಂದ ಮೆಲ್ಲಗೆ ಬಿಡಿಸಿಕೊಂಡೆ.

"ಗೊತ್ತಾಗವಲ್ದರಿ ಸರ್."

"ಏನ ನಾಟಕ ಹಚ್ಚೀದಿ? ಕಾಮಣ್ಣ, ನೀ ತೋರ್ಸಲೇ!"

ಅಪ್ಪ ನನ್ನ ಮುಖ ನೋಡಿದ. ಕತ್ತಲಲ್ಲಿ ಕೆಮ್ಮು ಕೇಳಿದರೂ ಯಾವ ಕುರಿಯೆಂದು ಹೇಳುವವನು ಅವನು. ಮುಗಿದ ಕೈ ಮೆಲ್ಲಗೆ ಕೆಳಗಿಳಿಸಿದ.

"ಕಲೀಲಾರದ ಕುರುಬ್ರು ನಾವು, ನಮಗೇನ ತಿಳೀತೈತ್ರಿ? ಎಲ್ಲಾ ಕುರಿ ಒಂದ ನಮೂನಿ ಕಾಣ್ತಾವ."

"ಹಲ್ಕಟ್ ಮಂದಿ!" ಸರ್ ಉಗಿದರು. "ಕೌಸ್ತುಭ, ಸಿಕ್ಕದ್ದು ಹಿಡಿ. ನಂಬರ್ ನಾವ ಹಾಕ್ಕೊಳ್ಳೋಣ."

ಕೌಸ್ತುಭ ಡ್ರೈವರನನ್ನು ಕರೆದು ಒಂದೊಂದೇ ಕುರಿ ಕೆಡವಿಸಿದ. ನರ ಸಿಗದೆ ಕುತ್ತಿಗೆಗೆ ಮತ್ತೆ ಮತ್ತೆ ಚುಚ್ಚಿದ. ಕುರಿಗಳು ಒದರಿದವು. ಅಪ್ಪ ಬೆನ್ನು ತಿರುಗಿಸಿ ನಿಂತ. ಹದಿನೇಳು ಎಂದು ಬರೆದ ಸೀಸೆಗೆ ತುಂಬಿದ್ದು ಮೊನ್ನೆ ತೇರದಾಳ ಸಂತೆಯಿಂದ ತಂದ, ಹುಳಬೇನೆ ಹತ್ತಿದ ಕುರಿಯ ರಕ್ತ. ಆ ಸೀಸೆಯ ಮುಚ್ಚಳ ಬಿಗಿದು ಕೊಟ್ಟವಳು ನಾನೇ.